ಏನೋ, ಏನಾದರೂ, ಏನೂ: ಕ್ರಿಯಾಪದದ ನಂತರ ‘ಸಮ್‌ಥಿಂಗ್’ ಬರಬೇಕೋ ‘ಎನಿಥಿಂಗ್’ ಬರಬೇಕೋ

ಹೌದು ಅನ್ನುವ ವಾಕ್ಯಕ್ಕೆ ಸಮ್, ಪ್ರಶ್ನೆಗೂ ಇಲ್ಲ ಅನ್ನುವುದಕ್ಕೂ ಎನಿ. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಈ ಸೂತ್ರ ಸುಳ್ಳಲ್ಲ, ಆದರೆ ಮಾತಾಡುವಾಗ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಸ್ಪೋಕನ್ ಇಂಗ್ಲಿಷ್ ಕಲಿಸುವಾಗ ನಾನು ಶುರುಮಾಡುವುದು ಕನ್ನಡದಿಂದಲೇ. ಈ ವಿಷಯದಲ್ಲಿ ನಮ್ಮ ಭಾಷೆ ಇಂಗ್ಲಿಷಿಗಿಂತ ಸೂಕ್ಷ್ಮ. ಏನೋ, ಏನಾದರೂ, ಏನೂ, ಏನು ಬೇಕಾದರೂ ಎಂದು ನಾಲ್ಕು ಬಗೆ ನಮ್ಮಲ್ಲಿವೆ, ಮತ್ತು ಅಕ್ಷರ ಬಾರದವರೂ ಇವನ್ನು ಅದಲುಬದಲು ಮಾಡುವುದಿಲ್ಲ.

ಬೋರ್ಡಿನ ಮೇಲೆ ನಾಲ್ಕು ಕಂಬ ಹಾಕುತ್ತೇನೆ. ‘ಓ’ ಕಂಬ ಸುಲಭ: ಏನೋ ಕೇಳಿಸಿತು, ‘ಐ ಹರ್ಡ್ ಸಮ್‌ಥಿಂಗ್’. ಯಾರನ್ನೋ ನೋಡಿದೆ, ‘ಐ ಸಾ ಸಮ್‌ಬಡಿ’. ವಸ್ತು ಅಥವಾ ಮನುಷ್ಯ ಇರುವುದು ಖಚಿತ, ಗುರುತು ಮಾತ್ರ ಗೊತ್ತಿಲ್ಲ. ಇಲ್ಲಿ ಯಾವಾಗಲೂ ಸಮ್. ‘ಬೇಕಾದರೂ’ ಕಂಬವೂ ಅಷ್ಟೇ ಸಲೀಸು, ಅಲ್ಲಿ ಯಾವಾಗಲೂ ಎನಿ: ಏನು ಬೇಕಾದರೂ ಕೇಳಿ, ‘ಆಸ್ಕ್ ಮಿ ಎನಿಥಿಂಗ್’. (ಸಮ್‌ಬಡಿಗೂ ಸಮ್‌ವನ್‌ಗೂ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.)

ತೊಂದರೆಯೆಲ್ಲ ‘ಆದರೂ’ ಕಂಬದಲ್ಲಿ. ಕನ್ನಡದ ಒಂದೇ ‘ಏನಾದರೂ’ ಇಂಗ್ಲಿಷಿಗೆ ಹೋಗುವಾಗ ಎರಡಾಗಿ ಒಡೆಯುತ್ತದೆ. ಪ್ರಶ್ನೆಯಲ್ಲಿ, ‘ರೆ’ ಹಚ್ಚುವ ವಾಕ್ಯದಲ್ಲಿ ಸಾಮಾನ್ಯವಾಗಿ ಎನಿ: ಏನಾದರೂ ಸಿಕ್ಕಿತಾ, ‘ಡಿಡ್ ಯು ಫೈಂಡ್ ಎನಿಥಿಂಗ್?’ ಯಾರನ್ನಾದರೂ ಕಂಡರೆ ಹೇಳಿ, ‘ಇಫ್ ಯು ಸೀ ಎನಿವನ್, ಟೆಲ್ ಮಿ’. ಆದರೆ ಆಜ್ಞೆ, ಕೋರಿಕೆ, ‘ಬೇಕು’ ಬಂದ ಕೂಡಲೇ ಸಮ್. ಏನಾದರೂ ತಿನ್ನು ಎನ್ನಲು ‘ಈಟ್ ಸಮ್‌ಥಿಂಗ್’. ಏನಾದರೂ ಮಾಡಬೇಕು, ‘ವಿ ಮಸ್ಟ್ ಡೂ ಸಮ್‌ಥಿಂಗ್’. ಇಲ್ಲಿ ‘ಈಟ್ ಎನಿಥಿಂಗ್’ ಅಂದರೆ ಕೇಳಿದವರಿಗೆ ‘ಸಿಕ್ಕಿದ್ದನ್ನು ತಿನ್ನು’ ಎಂದಂತಾಗುತ್ತದೆ. ನಮ್ಮವರ ಇಂಗ್ಲಿಷಿನಲ್ಲಿ ಆಗಾಗ ಕೇಳಿಬರುವ ತಪ್ಪು ಇದು, ಮತ್ತು ವ್ಯಾಕರಣ ಕೆಡದ ಕಾರಣ ಯಾರೂ ತಿದ್ದುವುದಿಲ್ಲ. ಪರೀಕ್ಷೆ ಸರಳ: ಆಜ್ಞೆಯ ವಾಕ್ಯದಲ್ಲಿ ‘ಏನಾದರೂ’ ತೆಗೆದು ‘ಏನು ಬೇಕಾದರೂ’ ಹಾಕಿ ನೋಡಿ. ಹೇಳಹೊರಟ ಅರ್ಥ ಹಾಗೇ ಉಳಿದರೆ ಎನಿ, ಕೆಟ್ಟರೆ ಸಮ್.

ಪ್ರಶ್ನೆಯಲ್ಲೂ ಒಂದು ಉಪಚಾರದ ಜಾಗ ಇದೆ. ಮನೆಗೆ ಬಂದವರಿಗೆ ‘ವುಡ್ ಯು ಲೈಕ್ ಸಮ್‌ಥಿಂಗ್ ಟು ಡ್ರಿಂಕ್?’ ಎನ್ನುತ್ತಾರೆ, ಹೂಂ ಅನ್ನಲಿ ಎಂಬ ಆಸೆ ಅದರಲ್ಲೇ ಇರುತ್ತದೆ. ಎನಿಥಿಂಗ್ ಹಾಕಿದರೆ ತಪ್ಪಲ್ಲ, ಬೇಕೋ ಬೇಡವೋ ಎಂಬ ಬರಿಯ ವಿಚಾರಣೆಗೆ ಹತ್ತಿರವಾಗುತ್ತದೆ.

ಈಗ ‘ಊ’ ಕಂಬ. ಕನ್ನಡದಲ್ಲಿ ಮೊದಲು ‘ಏನೂ’ ಬರುತ್ತದೆ, ಇಲ್ಲ ಎಂಬುದು ವಾಕ್ಯದ ಬಾಲದಲ್ಲಿ: ನಾನು ಏನೂ ತಿನ್ನಲಿಲ್ಲ. ಇಂಗ್ಲಿಷಿನಲ್ಲಿ ಇಲ್ಲ ಮೊದಲು, ಕ್ರಿಯಾಪದ ನಡುವೆ, ಏನೂ ಕೊನೆಗೆ: ‘ಐ ಡಿಡಂಟ್ ಈಟ್ ಎನಿಥಿಂಗ್’. ‘ಐ ಏಟ್ ನಥಿಂಗ್’ ಕೂಡ ಸರಿಯೇ, ಆದರೆ ದಿನನಿತ್ಯದ ಮಾತಿನಲ್ಲಿ ಅದು ಒತ್ತಿ ಹೇಳಿದಂತೆ ಕೇಳುತ್ತದೆ. ಎರಡನ್ನೂ ಕಲಸಿ ‘ಡಿಡಂಟ್ ಈಟ್ ನಥಿಂಗ್’ ಅಂದರೆ ಪ್ರಮಾಣಿತ ಇಂಗ್ಲಿಷಿನಲ್ಲಿ ತಪ್ಪು. ಲಂಡನ್ನಿನ ಬೀದಿಮಾತಿನಲ್ಲಿ, ಅಮೆರಿಕದ ಕಪ್ಪುಜನರ ಇಂಗ್ಲಿಷಿನಲ್ಲಿ ಇದು ಇಂದಿಗೂ ಜೀವಂತ ಬಳಕೆ, 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕೂಡ ಹೀಗೇ ಬರೆಯುತ್ತಿದ್ದ. ಸಂದರ್ಶನಕ್ಕೆ ಹೋಗುವವರಿಗೆ ಈ ಇತಿಹಾಸದಿಂದ ಪ್ರಯೋಜನವಿಲ್ಲ, ಬಿಡಿ.

ಎನಿ ಇಲ್ಲವನ್ನು ಹಿಂಬಾಲಿಸಬೇಕೇ ಹೊರತು ಮುಂದೆ ನಡೆಯುವಂತಿಲ್ಲ. ಆದ್ದರಿಂದ ‘ಯಾರೂ ಬರಲಿಲ್ಲ’ ಎನ್ನಲು ‘ಎನಿಬಡಿ ಡಿಡಂಟ್ ಕಮ್’ ಆಗದು, ‘ನೋಬಡಿ ಕೇಮ್’ ಆಗಬೇಕು. ‘ನೋಬಡಿ ಡಿಡಂಟ್ ಕಮ್’ ಎಂದರೋ, ಬಾರದೇ ಇದ್ದವರು ಯಾರೂ ಇಲ್ಲ, ಎಲ್ಲರೂ ಬಂದರು ಎಂದಾಗುತ್ತದೆ!

‘ಅನ್ಸುತ್ತೆ’ ಸೇರಿದಾಗ ಇಲ್ಲ ಇನ್ನೂ ಮುಂದಕ್ಕೆ ಹಾರುತ್ತದೆ. ಅವನಿಗೆ ಏನೂ ಗೊತ್ತಿಲ್ಲ ಅನ್ಸುತ್ತೆ: ‘ಐ ಡೋಂಟ್ ಥಿಂಕ್ ಹೀ ನೋಸ್ ಎನಿಥಿಂಗ್’. ‘ಐ ಥಿಂಕ್ ಹೀ ನೋಸ್ ನಥಿಂಗ್’ ವ್ಯಾಕರಣಕ್ಕೆ ಸರಿ, ಕಿವಿಗೆ ಒರಟು.

‘ನಾಟ್’ ಕಾಣಿಸದಿದ್ದರೂ ಇಲ್ಲವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪದಗಳಿವೆ: ರೆಫ್ಯೂಸ್, ಡಿನೈ, ಡೌಟ್, ಹಾರ್ಡ್ಲಿ, ವಿದೌಟ್. ‘ಹೀ ರೆಫ್ಯೂಸ್ಡ್ ಟು ಸೇ ಎನಿಥಿಂಗ್’. ‘ಶೀ ಹಾರ್ಡ್ಲಿ ಏಟ್ ಎನಿಥಿಂಗ್’. ನಮ್ಮ ‘ದೆ’ ಪ್ರತ್ಯಯ ವಿದೌಟ್‌ಗೆ ಸರಿಯಾಗಿ ಕೂರುತ್ತದೆ. ಯಾರಿಗೂ ಹೇಳದೆ ಹೋದ, ‘ಹೀ ಲೆಫ್ಟ್ ವಿದೌಟ್ ಟೆಲ್ಲಿಂಗ್ ಎನಿವನ್’. ‘ಊ’ ಮತ್ತು ‘ದೆ’ ಒಟ್ಟಿಗೆ ಕಂಡರೆ ಕಣ್ಣುಮುಚ್ಚಿ ‘ವಿದೌಟ್, ಇಂಗ್, ಎನಿ’ ಎಂದು ಜೋಡಿಸಿ.

ಇಲ್ಲ ಇದ್ದರೂ ಸಮ್ ಉಳಿಯುವ ಜಾಗವನ್ನು ಕನ್ನಡ ಚೆನ್ನಾಗಿ ತೋರಿಸುತ್ತದೆ. ಏನೂ ಅರ್ಥವಾಗಲಿಲ್ಲ, ‘ಐ ಡಿಡಂಟ್ ಅಂಡರ್‌ಸ್ಟ್ಯಾಂಡ್ ಎನಿಥಿಂಗ್’. ಏನೋ ಒಂದು ಅರ್ಥವಾಗಲಿಲ್ಲ, ‘ದೇರ್ ವಾಸ್ ಸಮ್‌ಥಿಂಗ್ ಐ ಡಿಡಂಟ್ ಅಂಡರ್‌ಸ್ಟ್ಯಾಂಡ್’. ಮೊದಲನೆಯದು ಇಡೀ ಪಾಠ ತಲೆಗೆ ಹೋಗಲಿಲ್ಲ ಎಂಬುದು, ಎರಡನೆಯದರಲ್ಲಿ ಸಿಕ್ಕಿಕೊಂಡದ್ದು ಒಂದೇ ಕಡೆ.

ಕ್ರಿಯಾಪದದ ಬೆನ್ನಿಗೆ ಏನು ಅಂಟುತ್ತದೆ ಎಂಬುದನ್ನೂ ಪದದ ಜೊತೆಗೇ ಕಲಿಸಬೇಕು. ಕನ್ನಡದ ವಿಭಕ್ತಿಯನ್ನು ನಂಬಿದರೆ ಕೆಡುತ್ತದೆ. ಯಾರನ್ನೋ ಕಾಯುತ್ತಿದ್ದೇನೆ ಎನ್ನಲು ‘ವೇಟಿಂಗ್ ಫಾರ್ ಸಮ್‌ವನ್’, ‘ಫಾರ್’ ಬಿಡುವಂತಿಲ್ಲ. ಯಾರಿಗಾದರೂ ಹೇಳು ಎನ್ನಲು ‘ಟೆಲ್ ಸಮ್‌ವನ್’, ಅಲ್ಲಿ ‘ಟು’ ಬೇಡ. ‘ಸೇ’ ಬಂದರೆ ಬೇಕು: ‘ಸೇ ಸಮ್‌ಥಿಂಗ್ ಟು ಸಮ್‌ವನ್’. ‘ಎಕ್ಸ್‌ಪ್ಲೇನ್’ ಕೂಡ ‘ಸೇ’ ಜಾತಿಯದೇ.

ವಿಶೇಷಣ ಹಿಂದಿನಿಂದ ಬರುತ್ತದೆ: ‘ಸಮ್‌ಥಿಂಗ್ ಹಾಟ್’, ‘ಹಾಟ್ ಸಮ್‌ಥಿಂಗ್’ ಅಲ್ಲ. ಬೇರೆ ಯಾರಾದರೂ ಎನ್ನಲು ‘ಸಮ್‌ವನ್ ಎಲ್ಸ್’.

ಅಭ್ಯಾಸಕ್ಕೆ 20 ಕನ್ನಡ ವಾಕ್ಯ ಸಾಕು, ಪ್ರತಿ ಕಂಬಕ್ಕೆ 4, ‘ಆದರೂ’ ಕಂಬಕ್ಕೆ ಮಾತ್ರ 8. ಚೀಟಿಗಳಲ್ಲಿ ಬರೆದು ಕಲಸಿ, ಒಂದೊಂದೇ ಎತ್ತಿ, 3 ಸೆಕೆಂಡಿನೊಳಗೆ ಇಂಗ್ಲಿಷಿನಲ್ಲಿ ಹೇಳಿಸುತ್ತೇನೆ. ಪೆನ್ನು ಕೊಡುವುದಿಲ್ಲ. ಬರೆಯಲು ಬಿಟ್ಟರೆ ಸೂತ್ರ ನೆನೆದು ಸರಿಯಾಗೇ ಬರೆಯುತ್ತಾರೆ, ಬಾಯಿ ಬಿಟ್ಟಾಗ ಮತ್ತೆ ‘ಗಿವ್ ಎನಿಥಿಂಗ್’ ಅನ್ನುತ್ತಾರೆ. ತಪ್ಪಿದ ಚೀಟಿ ಕಟ್ಟಿನ ತಳಕ್ಕೆ ಹೋಗಿ ಇನ್ನೊಮ್ಮೆ ಬರುತ್ತದೆ.

ಈ ಕಟ್ಟು ಸಲೀಸಾದ ಮೇಲೆಯೇ ಒಂದು ಜೋಡಿಯನ್ನು ಸೇರಿಸುತ್ತೇನೆ. ನನ್ನ ಸ್ಕೂಟರ್ ಯಾರಿಗೂ ಕೊಡಲ್ಲ: ‘ಐ ಡೋಂಟ್ ಲೆಂಡ್ ಮೈ ಸ್ಕೂಟರ್ ಟು ಎನಿವನ್’. ಯಾರಿಗೆಂದರೆ ಅವರಿಗೆ ಕೊಡಲ್ಲ: ಅದೇ ವಾಕ್ಯ, ಕೊನೆಗೆ ‘ಟು ಜಸ್ಟ್ ಎನಿವನ್’ ಅಷ್ಟೇ. ಆ ‘ಜಸ್ಟ್’ ಬಾಯಲ್ಲಿ ಉಳಿದರೆ ಗೆಳೆಯನಿಗೆ ಸ್ಕೂಟರ್ ಸಿಗುವ ಆಸೆ ಇನ್ನೂ ಇದೆ.