ಉಪ್ಪಿನಂಗಡಿಯಲ್ಲಿ ಓವರ್‌ಬೂಸ್ಟ್, ಊಟಿಯಲ್ಲಿ ಅಂಡರ್‌ಬೂಸ್ಟ್

ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಒಳಗಿನ ಅಂಕಿಗಳ ಮ್ಯಾಪ್ ಬದಲಿಸುವುದು) ಮಾಡಿಸಿ ಮೂರು ವಾರ ಆಗಿತ್ತು. ನನ್ನದು 1.2 ಲೀಟರ್ ಟರ್ಬೊ ಪೆಟ್ರೋಲ್ ಗಾಡಿ. ನೈಸ್ ರೋಡಿನಲ್ಲಿ ಅದರ ಪಿಕಪ್ ನೋಡಿ ನಾನೇ ಬೀಗುತ್ತಿದ್ದೆ. ಅದೇ ಗಾಡಿ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಹತ್ತಿರ ಕೈ ಕೊಟ್ಟಿತು. ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದೆ. ಒಮ್ಮೆ ಎಗರಿತು, ಮರುಕ್ಷಣ ಉಸಿರೇ ಇಲ್ಲ. ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು. ಮೆಲ್ಲಗೆ ಮತ್ತೆ ಲಾರಿಯ ಹಿಂದೆಯೇ ಸೇರಿಕೊಂಡೆ. ಪಕ್ಕದಲ್ಲಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮಂಗಳೂರಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಕೋಡ್ ಪಿ0234, ಅಂದರೆ ಟರ್ಬೊ ಗಾಳಿಯನ್ನು ಮಿತಿಗಿಂತ ಜಾಸ್ತಿ ಒತ್ತಿದ ಓವರ್‌ಬೂಸ್ಟ್. "ಬೆಂಗಳೂರಲ್ಲಿ ಟ್ಯೂನ್ ಮಾಡಿಸಿದ್ದಾ? ಇಲ್ಲಿಯ ಗಾಳಿ ದಪ್ಪ ಮಾರಾಯ್ರೆ" ಅಂದರು. ನಾನು ನಕ್ಕು ಸುಮ್ಮನಾದೆ. ವಾಪಸು ಬಂದು ಟ್ಯೂನ್ ಮಾಡಿದವನನ್ನು ಕೇಳಿದರೆ "ಒತ್ತಡದ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಿ" ಅಂದ. ಹಾಕಿಸಿದೆ. ದುಡ್ಡು ದಂಡ.

ಎರಡು ತಿಂಗಳಾದ ಮೇಲೆ ಗೂಡಲೂರು ಕಡೆಯಿಂದ ಊಟಿ ಹತ್ತುವಾಗ ಅದೇ ದೀಪ ಮತ್ತೆ ಹತ್ತಿತು. ಈ ಸಲ ಕೋಡ್ ಪಿ0299. ಅಂಡರ್‌ಬೂಸ್ಟ್! ಅದೇ ಗಾಡಿ, ಅದೇ ಮ್ಯಾಪ್. ಕೆಳಗೆ ಇಳಿದರೆ ಬೂಸ್ಟ್ ಜಾಸ್ತಿ, ಮೇಲೆ ಹತ್ತಿದರೆ ಕಡಿಮೆ. ಆಗ ಮಂಗಳೂರಿನವರ ಮಾತು ತಲೆಗೆ ಇಳಿಯಿತು.

ಲೆಕ್ಕ ಕಷ್ಟದ್ದಲ್ಲ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ 91. ಊಟಿ 2,240 ಮೀಟರ್, ಅಲ್ಲಿ 77. ನನ್ನ ಮ್ಯಾಪ್‌ನಲ್ಲಿ ಮ್ಯಾನಿಫೋಲ್ಡ್ (ಎಂಜಿನ್ ಒಳಗೆ ಗಾಳಿ ಒಯ್ಯುವ ಕೊಳವೆ) ಒಳಗಿನ ಒಟ್ಟು ಒತ್ತಡದ ಗುರಿ 200. ಮಂಗಳೂರಿನಲ್ಲಿ ಟರ್ಬೊ ಹೊರಗಿನ ಒತ್ತಡಕ್ಕೆ 99 ಸೇರಿಸಿದರೆ ಸಾಕು. ಬೆಂಗಳೂರಿನಲ್ಲಿ 109 ಬೇಕು, ಊಟಿಯಲ್ಲಿ 123. ಅಂದರೆ ಊಟಿಯಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2.6 ಪಟ್ಟು ಒತ್ತಬೇಕು. ಅದಕ್ಕೆ ತುಂಬಾ ಜೋರಾಗಿ ತಿರುಗಬೇಕು, ಗಾಳಿಯೂ ಅಷ್ಟೇ ಕಾಯುತ್ತದೆ. ಚಿಕ್ಕ ಟರ್ಬೊ ಎಷ್ಟು ಅಂತ ತಡೆದುಕೊಂಡೀತು?

ಟರ್ಬೊವನ್ನು ಹಿಡಿತದಲ್ಲಿ ಇಡುವುದು, ತೆರೆದಷ್ಟೂ ಬೂಸ್ಟ್ ಇಳಿಸುವ ಪುಟ್ಟ ಬಾಗಿಲು, ವೇಸ್ಟ್‌ಗೇಟ್. ಅದನ್ನು ಎಷ್ಟು ಮುಚ್ಚಿಡಬೇಕು ಅನ್ನುವ ಅಂಕಿಗಳು ಇಸಿಯು ಒಳಗಿನ ಟೇಬಲ್‌ನಲ್ಲಿ ಇರುತ್ತವೆ. ಕಂಪನಿಯ ಮ್ಯಾಪ್‌ನಲ್ಲಿ ಈ ಅಂಕಿಗಳು ಹೊರಗಿನ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ನಮ್ಮ ಟ್ಯೂನರ್ ಮಹಾಶಯ ಆ ಸಾಲುಗಳಿಗೆಲ್ಲ ಒಂದೇ ಅಂಕಿ ತುಂಬಿಸಿದ್ದ! ಬೆಂಗಳೂರಿನ ಅಂಕಿ. ಮಂಗಳೂರಿನಲ್ಲಿ ಅದು ಜಾಸ್ತಿಯಾಗಿ ಬೂಸ್ಟ್ ಗುರಿ ದಾಟಿ ಹಾರುತ್ತಿತ್ತು. ಇಸಿಯು ಸರಿಪಡಿಸುವಷ್ಟರಲ್ಲಿ ಮಿತಿ ಮೀರಿರುತ್ತಿತ್ತು. ಊಟಿಯಲ್ಲಿ ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದರೂ ಗುರಿ ಮುಟ್ಟುತ್ತಿರಲಿಲ್ಲ.

ವಾರಂಟಿ ಹೇಗೂ ಹೋಗಿತ್ತು. ಹಾಗಾಗಿ ನಾನೇ ಲ್ಯಾಪ್‌ಟಾಪ್ ಹಿಡಿದು ಕೂತೆ. ಮೊದಲು ನೋಡಿದ್ದು ಬಿಟ್ಟಿ ಸಿಗುವ ಒಂದು ಅಂಕಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದರೆ ಮ್ಯಾನಿಫೋಲ್ಡ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಮನೆ ಮುಂದೆ 91 ಬಂತು. ಪಾಪ, ಹಳೇ ಸೆನ್ಸರ್ ಕೂಡ ಹೀಗೇ ಸರಿಯಾಗಿ ತೋರಿಸುತ್ತಿತ್ತೋ ಏನೋ.

ಕಂಪನಿಯ ಫೈಲ್‌ನಿಂದ ಒತ್ತಡದ ಸಾಲುಗಳನ್ನು ವಾಪಸು ತಂದೆ. ಸಮುದ್ರಮಟ್ಟದ ಸಾಲಿನಲ್ಲಿ ವೇಸ್ಟ್‌ಗೇಟ್ ಡ್ಯೂಟಿಯನ್ನು (ಅದನ್ನು ಮುಚ್ಚಿಡುವ ಅಂಕಿಯನ್ನು) ಶೇಕಡಾ 52ರಿಂದ 44ಕ್ಕೆ ಇಳಿಸಿದೆ. ಒತ್ತಡ 85ಕ್ಕಿಂತ ಕೆಳಗೆ ಹೋದರೆ ಬೂಸ್ಟ್ ಗುರಿಯನ್ನೇ ಮೆಲ್ಲಗೆ ಇಳಿಸಿ, ಊಟಿಯ ಮಟ್ಟಕ್ಕೆ 175ಕ್ಕೆ ತಂದೆ. ಬೆಟ್ಟದ ಮೇಲೆ ಸ್ವಲ್ಪ ಪವರ್ ಹೋಗುತ್ತದೆ, ಹೋಗಲಿ. ಟರ್ಬೊ ಉಳಿಯಬೇಕಲ್ವಾ?

ಪರೀಕ್ಷೆ ಮಾಡಲು ಪ್ರತಿ ಸಲ ಊಟಿಗೆ ಹೋಗಲು ಆಗುತ್ತದೆಯೇ? ನಂದಿ ಬೆಟ್ಟ ಇದೆಯಲ್ಲ, 1,478 ಮೀಟರ್. ಅಲ್ಲಿ ಸೆನ್ಸರ್ 85 ತೋರಿಸುತ್ತದೆ. ವಾರದ ದಿನಗಳಲ್ಲಿ ಹೋಗಬೇಕು. ಭಾನುವಾರ ಬೆಳಿಗ್ಗೆ ಹೋದರೆ ಸಿಗುವುದು ಬರೀ ಕ್ಲಚ್ ವಾಸನೆ. ನಾನು ಓಡಿಸುತ್ತಿದ್ದೆ, ಬಾಮೈದ ಸೆನ್ಸರ್ ಅಂಕಿಗಳ ಲಾಗ್ ನೋಡುತ್ತಿದ್ದ. ಆಕ್ಸಿಲರೇಟರ್ ಪೂರ್ತಿ ಒತ್ತುವುದು ತಿರುವುಗಳಲ್ಲಿ ಬೇಡವೇ ಬೇಡ. ಖಾಲಿ ಇರುವ ನೇರ ಏರಿನಲ್ಲಿ, ಮೂರನೇ ಗೇರಿನಲ್ಲಿ, ಎರಡು ಮೂರು ಸೆಕೆಂಡ್ ಅಷ್ಟೇ. "ಭಾವ, ಗುರಿ ಹತ್ತಿರ ಬಂತು, ಬಿಡಿ ಬಿಡಿ" ಅಂತ ಅವನು ಕೂಗುತ್ತಿದ್ದ. ನಾಲ್ಕು ಸಲ ಹೋದ ಮೇಲೆ ಟೇಬಲ್‌ನಲ್ಲಿ 85ರ ಒತ್ತಡದ ಸಾಲು ಸರಿಯಾಗಿ ಕೂತಿತು.

ಡೈನೊ ಶೀಟಿನ (ಪವರ್ ಅಳೆಯುವ ಯಂತ್ರ ಕೊಡುವ ಚೀಟಿಯ) ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಶೀಟಿನಲ್ಲಿ 148 ಹಾರ್ಸ್‌ಪವರ್ ಅಂತಿತ್ತು. ಅದು ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿ. ಬೆಂಗಳೂರಿನ ಎತ್ತರಕ್ಕೆ ಆ ತಿದ್ದುಪಡಿ ಸುಮಾರು ಶೇಕಡಾ 10ರಷ್ಟು ಸೇರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಅದು ನ್ಯಾಯ. ಆದರೆ ಟರ್ಬೊ ಗಾಡಿ ತೆಳು ಗಾಳಿಯ ನಷ್ಟವನ್ನು ಆಗಲೇ ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ತಿದ್ದದ ಅಂಕಿ ಕೇಳಿ ತೆಗೆಸಿದೆ, 134. ಬೆಂಗಳೂರಿನಲ್ಲಿ ಟರ್ಬೊ ಗಾಡಿಯವರು ಹೇಳಿಕೊಳ್ಳುವ ಅಂಕಿಗಳನ್ನು ಅಂದಿನಿಂದ ನಾನು ಪೂರ್ತಿ ನಂಬುವುದಿಲ್ಲ, ನನ್ನದೂ ಸೇರಿಸಿ.

ಹೋದ ತಿಂಗಳು ಮತ್ತೆ ಮಂಗಳೂರಿಗೆ ಹೋದೆವು. ಉಪ್ಪಿನಂಗಡಿ ದಾಟಿದ ಮೇಲೆ ಬೂಸ್ಟ್ ಗುರಿಗಿಂತ 3 ಕಿಲೋಪಾಸ್ಕಲ್ ಮಾತ್ರ ಮೇಲೆ ಹೋಗಿ ಇಳಿಯಿತು. ದೀಪ ಹತ್ತಲಿಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ ಎಂಜಿನ್ ಒಳಗೆ ಹೋಗುವ ಗಾಳಿ 58 ಡಿಗ್ರಿ ಕಾದಿತ್ತು. ಹಾಕಿಸಿದ್ದು 95 ಆಕ್ಟೇನ್ ಪೆಟ್ರೋಲ್. ಆದರೂ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಉರಿಯುವುದು) ತಡೆಯಲು ಇಸಿಯು ಇಗ್ನಿಷನ್ ಅನ್ನು, ಅಂದರೆ ಕಿಡಿ ಹಾರಿಸುವ ಹೊತ್ತನ್ನು, 3 ಡಿಗ್ರಿ ಹಿಂದಕ್ಕೆ ಎಳೆದಿತ್ತು. ಬಿಸಿಗಾಳಿಯ ಟೇಬಲ್ ನಾನಿನ್ನೂ ಮುಟ್ಟಿಲ್ಲ. ಮುಂದಿನ ಬೇಸಿಗೆಗೆ ಮೊದಲು ಅದಕ್ಕೆ ಕೈ ಹಾಕಬೇಕು.