ರೇಟು ಕಡಿಮೆ ಇಟ್ಟರೂ ಕೆಲಸ ಸಿಗಲಿಲ್ಲ

2018ರಲ್ಲಿ ನಾನು ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಲ್ಲಿದ್ದೆ. ಮೂರು ವರ್ಷ ಫ್ರಾಕ್ ಸೈಟಿನ, ಅಂದರೆ ಎಣ್ಣೆ ಬಾವಿಯ ಬಂಡೆ ಸೀಳುವ ಜಾಗದ, ಡೇಟಾ ವ್ಯಾನಿನಲ್ಲಿ ಕೂತು ಪ್ರೆಶರ್ ಗ್ರಾಫ್ ನೋಡುತ್ತಿದ್ದವನನ್ನು ಕಂಪನಿ ಟೆಂಡರ್ ಬರೆಯಲು ಹಾಕಿತು. ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಒಂದು ಅಡಿಗೆ ಎಷ್ಟಪ್ಪಾ ರೇಟು?" ಚಿತ್ರದುರ್ಗದ ಹತ್ತಿರದ ನಮ್ಮ ತೋಟದಲ್ಲಿ ನಾಲ್ಕು ಬೋರ್ ಕೊರೆಸಿ ಸೋತವರು ಅವರು. ಇಲ್ಲಿ ಅಡಿ ಲೆಕ್ಕ ಅಲ್ಲ, ಸ್ಟೇಜ್ ಲೆಕ್ಕ ಅಂದೆ. ನೆಲದೊಳಗೆ ಅಡ್ಡಕ್ಕೆ ಎರಡು ಮೈಲಿ ಕೊರೆದ ಬಾವಿಯನ್ನು ಹತ್ತಾರು ತುಂಡು ಮಾಡಿಕೊಂಡು, ಒಂದೊಂದಕ್ಕೂ ನೀರು, ಮರಳು ನುಗ್ಗಿಸಿ ಬಂಡೆ ಸೀಳಬೇಕು. ಒಂದು ತುಂಡು ಒಂದು ಸ್ಟೇಜ್.

ಮೊದಲ ಟೆಂಡರಿಗೆ ನಾನು ಮಾಡಿದ್ದು ರೇಟು ಇಳಿಸುವ ಕೆಲಸ. ಬೇರೆ ದಾರಿ ಕಾಣಲಿಲ್ಲ. ಪೈಪೋಟಿಗೆ ಒಂದು ಕಡೆ 1949ರಲ್ಲೇ ಈ ಕೆಲಸವನ್ನು ವ್ಯಾಪಾರವಾಗಿ ಶುರು ಮಾಡಿದ ಹ್ಯಾಲಿಬರ್ಟನ್, ಪಕ್ಕದಲ್ಲೇ ಶ್ಲಂಬರ್ಜೆ. ಇನ್ನೊಂದು ಕಡೆ ಲಿಬರ್ಟಿ, ಪ್ರೊಪೆಟ್ರೋ, ಕೀನ್, ಸಿ ಅಂಡ್ ಜೆ. ಎಲ್ಲರ ಪಂಪೂ ಹೆಚ್ಚುಕಡಿಮೆ ಒಂದೇ ಥರ. ಹಾಗಾದ್ರೆ ಅಗ್ಗದವನಿಗೇ ಕೆಲಸ, ಅಲ್ವಾ?

ಅಲ್ಲ. ನಮಗಿಂತ ಜಾಸ್ತಿ ರೇಟು ಬರೆದವರಿಗೆ ಸಿಕ್ಕಿತು. ಎಣ್ಣೆ ಕಂಪನಿಯ ಎಂಜಿನಿಯರ್ ನಗುತ್ತಲೇ ಹೇಳಿದ: "ನೀವು ದಿನಕ್ಕೆ ಹದಿನಾಲ್ಕು ಗಂಟೆ ಪಂಪ್ ಮಾಡ್ತೀರಿ, ಅವರು ಹದಿನೆಂಟು." ಕ್ರೇನ್, ನೀರಿನ ವ್ಯವಸ್ಥೆ, ಕಾವಲು, ಎಲ್ಲಕ್ಕೂ ಅವನ ಕಂಪನಿ ದಿನಬಾಡಿಗೆ ಕಟ್ಟುತ್ತದೆ. ನಾವು ನಾಲ್ಕು ದಿನ ತಡ ಮಾಡಿದರೆ ನಮ್ಮ ಅಗ್ಗದ ರೇಟು ಅಲ್ಲೇ ಕರಗಿಹೋಗುತ್ತದೆ.

ನೋಟ್‌ಬುಕ್ ಹಿಡಿದು ಎರಡು ವಾರ ಮತ್ತೆ ಸೈಟಿಗೆ ಹೋದೆ. ಪಂಪ್ ನಿಂತಾಗಲೆಲ್ಲ ಯಾಕೆ, ಎಷ್ಟು ನಿಮಿಷ ಅಂತ ಬರೆದೆ. ಒಂದು ರಾತ್ರಿ ಎರಡು ಗಂಟೆಗೆ ಏಳನೇ ಪಂಪಿನ ಸದ್ದು ಬದಲಾಯಿತು. ಪೈಪು ನಡುಗತೊಡಗಿತು. ಬಿಚ್ಚಿ ನೋಡಿದರೆ ವಾಲ್ವ್ ಕೂರುವ ಉಕ್ಕಿನ ಸೀಟನ್ನು ಮರಳು ನೀರು ಕೊರೆದಿತ್ತು. ಉಗುರು ಹೂತುಹೋಗುವಷ್ಟು ಆಳದ ಗೀರು. ಹಳೇ ಸೀಟು ಎಳೆದು ಹೊಸದು ಕೂರಿಸಲು ಮುಕ್ಕಾಲು ಗಂಟೆ. ಇದು ಎಲ್ಲರಿಗೂ ಆಗುವ ಸವೆತವೇ. ಆದರೆ ಖರ್ಚು ಉಳಿಸಲು ನಾವು ಹೆಚ್ಚುವರಿ ಪಂಪ್ ತಂದಿರಲಿಲ್ಲ. ಆ ರೇಟು ಇಳಿಸಿ ಬರೆಯುತ್ತಿದ್ದವರು ನನ್ನಂಥವರೇ!

ಮುಂದಿನ ಟೆಂಡರಿನಲ್ಲಿ ಎರಡು ಪಂಪ್ ಜಾಸ್ತಿ ಸೇರಿಸಿದೆ, ರೇಟೂ ಏರಿಸಿದೆ. ದಿನಕ್ಕೆ ಇಷ್ಟು ಗಂಟೆ ಅಂತ ಬರೆದುಕೊಟ್ಟೆವು. ಬಾಸ್ ಮುಖ ಗಂಟು ಹಾಕಿದರು. ಕೆಲಸ ಸಿಕ್ಕಿತು. ನಿಜ ಹೇಳಬೇಕೆಂದರೆ ಮಾರಲು ನಮಗೆ ಉಳಿದಿದ್ದೂ ಗಂಟೆಗಳೇ. ಮೊದಲು ವಿಸ್ಕಾನ್ಸಿನ್ನಿಂದ ರೈಲಿನಲ್ಲಿ ಬರುತ್ತಿದ್ದ ಮರಳಿನ ಮೇಲೂ ನಮಗೆ ಲಾಭ ಇತ್ತು. 2017ರಿಂದ ಪಶ್ಚಿಮ ಟೆಕ್ಸಸ್‌ನ ಕರ್ಮಿಟ್ ಸುತ್ತಲೇ ಮರಳಿನ ಗಣಿಗಳು ಬಂದವು. ನಮ್ಮ ಗಿರಾಕಿಗಳು ತಾವೇ ಕೊಳ್ಳತೊಡಗಿದರು.

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ಎಣ್ಣೆ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗಿಳಿಯಿತು. ಯಾರ್ಡ್ ತುಂಬ ಪಂಪುಗಳು ಸುಮ್ನೆ ನಿಂತವು. ಬಿಜೆ ಸರ್ವಿಸಸ್, ಎಫ್‌ಟಿಎಸ್ ಎಂಬ ಫ್ರಾಕ್ ಕಂಪನಿಗಳು ದಿವಾಳಿ ಅರ್ಜಿ ಹಾಕಿದವು. ಶ್ಲಂಬರ್ಜೆ ಉತ್ತರ ಅಮೆರಿಕದ ತನ್ನ ಫ್ರಾಕ್ ವ್ಯವಹಾರವನ್ನು ಲಿಬರ್ಟಿಗೆ ಕೊಟ್ಟು, ಅಲ್ಲಿ ಶೇ 37ರಷ್ಟು ಪಾಲು ತೆಗೆದುಕೊಂಡಿತು. ಕೀನ್, ಸಿ ಅಂಡ್ ಜೆ ಅದಕ್ಕೂ ಮೊದಲೇ, 2019ರಲ್ಲಿ, ಸೇರಿ ನೆಕ್ಸ್‌ಟಿಯರ್ ಆಗಿದ್ದವು. 2023ರಲ್ಲಿ ಅದೂ ಪ್ಯಾಟರ್ಸನ್ ಯುಟಿಐ ಜೊತೆ ಸೇರಿತು. ನನ್ನ ಪರಿಚಯದ ಪಂಪ್ ಆಪರೇಟರ್ ಒಬ್ಬ ಕುರ್ಚಿ ಬಿಟ್ಟು ಏಳದೆ ಮೂರು ಕಂಪನಿಗಳ ಸಮವಸ್ತ್ರ ಹಾಕಿದ್ದಾನೆ.

ಈಗ ಟೆಂಡರ್ ಬಂದರೆ ನಾನು ಮೊದಲು ತೆಗೆಯುವುದು ಇಂಧನದ ಪುಟ. ಡೀಸೆಲ್ ಬದಲು ಬಾವಿಯ ಗ್ಯಾಸ್ ಎಷ್ಟು ಸುಡ್ತೀರಿ, ಕರೆಂಟ್ ಪಂಪ್ ಇದೆಯಾ ಅಂತ ಕೇಳುತ್ತಾರೆ. ಅಪ್ಪ ಮಾತ್ರ ಈಗಲೂ ಅಡಿ ಲೆಕ್ಕ ಕೇಳುತ್ತಾರೆ.