ಸವಾನಾದ ಚೌಕಗಳನ್ನು ಸೈಕಲ್ ಮೇಲೆ ನೋಡುವುದು ಹೇಗೆ?

ಅಟ್ಲಾಂಟಾದಲ್ಲಿ ನೆಲೆಸಿರುವ ಮಗನನ್ನೋ ಮಗಳನ್ನೋ ನೋಡಲು ಹೋದ ನಮ್ಮವರು ವಾರಾಂತ್ಯದ ಪ್ರವಾಸಕ್ಕೆ ಆರಿಸಿಕೊಳ್ಳಬಹುದಾದ ಒಳ್ಳೆಯ ಊರು ಸವಾನಾ. ಅಮೆರಿಕದ ಜಾರ್ಜಿಯಾ ರಾಜ್ಯದ ಪೂರ್ವದ ಅಂಚಿನಲ್ಲಿ, ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಹೋದವರಲ್ಲಿ ಅನೇಕರು ಟ್ರಾಲಿ ಬಸ್ಸಿನಲ್ಲಿ ಒಂದು ಸುತ್ತು ಹಾಕಿ, ಉದ್ಯಾನದ ಕಾರಂಜಿಯ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಬಸ್ಸಿನ ಕಿಟಕಿಯಲ್ಲಿ ಈ ಊರಿನ ಚೌಕಗಳೆಲ್ಲ ಒಂದೇ ರೀತಿ ಕಾಣುತ್ತವೆ. ಎಲ್ಲವನ್ನೂ ನಡೆದೇ ನೋಡುತ್ತೇವೆಂದರೆ ಸೆಕೆ ಬಿಡುವುದಿಲ್ಲ. ಏರಿಳಿತವಿಲ್ಲದ ಸಮತಟ್ಟು ಊರಾದ್ದರಿಂದ ಸೈಕಲ್ ಇಲ್ಲಿ ಹೇಳಿ ಮಾಡಿಸಿದ ವಾಹನ. ಜೊತೆಗೆ ತಿಳಿದ ಗೈಡ್ ಇದ್ದರೆ ಎರಡು ಗಂಟೆಯಲ್ಲಿ ಮೂರು ಶತಮಾನ ದಾಟಬಹುದು.

ಮೊದಲು ನಕ್ಷೆ ತಿಳಿಯಿರಿ

ಹೊರಡುವ ಹಿಂದಿನ ರಾತ್ರಿ ಹತ್ತು ನಿಮಿಷ ನಕ್ಷೆ ನೋಡಿಕೊಳ್ಳಿ. ಇಂಗ್ಲೆಂಡಿನಿಂದ ವಲಸಿಗರನ್ನು ಕರೆತಂದ ಜೇಮ್ಸ್ ಓಗಲ್‌ಥಾರ್ಪ್ 1733ರ ಫೆಬ್ರುವರಿಯಲ್ಲಿ ನದಿದಂಡೆಯ ದಿಬ್ಬದ ಮೇಲೆ ಈ ಊರನ್ನು ಕಟ್ಟಲು ತೊಡಗಿದಾಗ, ಒಂದೇ ಅಚ್ಚಿನ ವಾರ್ಡುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುತ್ತ ಹೋಗುವ ಯೋಜನೆ ಹಾಕಿದ. ಪ್ರತಿ ವಾರ್ಡಿನ ನಡುವೆ ಒಂದು ಬಯಲು ಚೌಕ. ಅದರ ಉತ್ತರ ಮತ್ತು ದಕ್ಷಿಣಕ್ಕೆ ಮನೆಗಳಿಗಾಗಿ 40 ನಿವೇಶನ. ಪೂರ್ವ ಪಶ್ಚಿಮದ ಅಂಚಿನಲ್ಲಿ ಚರ್ಚು, ಅಂಗಡಿ, ಸಾರ್ವಜನಿಕ ಕಟ್ಟಡಗಳಿಗೆ ನಾಲ್ಕು ದೊಡ್ಡ ನಿವೇಶನ. ಹೀಗೆ ಬೆಳೆದ ಊರಿನಲ್ಲಿ ಒಟ್ಟು 24 ಚೌಕಗಳಾದವು. ಇಂದು ಉಳಿದಿರುವುದು 22.

ಸೈಕಲ್ ಸವಾರನಿಗೆ ಇದರ ಲಾಭ ದೊಡ್ಡದು. ಎರಡು ನಿಮಿಷ ತುಳಿದರೆ ಒಂದು ಚೌಕ ಸಿಗುತ್ತದೆ. ಚೌಕ ಅಡ್ಡ ಬರುವುದರಿಂದ ಕಾರುಗಳು ವೇಗ ತಗ್ಗಿಸಲೇಬೇಕು. ಚೌಕಾಬಾರದ ಕಾಯಿ ಕಟ್ಟೆಯಿಂದ ಕಟ್ಟೆಗೆ ಸಾಗುವಂತೆ ನೆರಳಿನಿಂದ ನೆರಳಿಗೆ ಸಾಗಬಹುದು. ಚೌಕಗಳನ್ನು ತಾಗದೆ ನೇರವಾಗಿ ಓಡುವ ವಿಟೇಕರ್, ಡ್ರೇಟನ್ ರಸ್ತೆಗಳಲ್ಲಿ ಮಾತ್ರ ವಾಹನಗಳು ರಭಸದಿಂದ ಬರುತ್ತವೆ. ಒಳ್ಳೆಯ ಗೈಡ್ ನಿಮ್ಮನ್ನು ಅತ್ತ ಕರೆದೊಯ್ಯುವುದೇ ಇಲ್ಲ.

ಗೈಡನ್ನು ಆರಿಸುವುದು

ಇಡೀ ಪ್ರವಾಸದಲ್ಲಿ ಹೆಚ್ಚು ಯೋಚಿಸಬೇಕಾದ ಹಂತ ಇದು. 2015ರವರೆಗೆ ನಗರಾಡಳಿತದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರಷ್ಟೇ ಇಲ್ಲಿ ಹಣ ಪಡೆದು ಊರು ತೋರಿಸಬಹುದಿತ್ತು. ಇದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಕೆಲವರು ಮೊಕದ್ದಮೆ ಹೂಡಿದರು, ನಿಯಮ ರದ್ದಾಯಿತು. ವಾಕ್ ಸ್ವಾತಂತ್ರ್ಯ ಗೆದ್ದದ್ದು ಸರಿಯೇ. ಆದರೆ ಗೈಡನ ಪರೀಕ್ಷೆ ಮಾಡುವ ಕೆಲಸ ಈಗ ಪ್ರವಾಸಿಯ ಪಾಲಿಗೆ ಬಂದಿದೆ.

ಕಾಯ್ದಿರಿಸುವ ಮುನ್ನ ಫೋನ್ ಮಾಡಿ ಕೇಳಿ: ಗುಂಪಿನಲ್ಲಿ ಎಷ್ಟು ಜನ? ಎಷ್ಟು ಕಡೆ ನಿಲ್ಲಿಸುತ್ತೀರಿ? ಹೆಲ್ಮೆಟ್ ಕೊಡುತ್ತೀರಾ? ಮಳೆ ಬಂದರೆ ಹಣ ಮರಳಿಸುತ್ತೀರಾ? ಗುಂಪು ಹತ್ತು ಹನ್ನೆರಡು ಮೀರಿದರೆ ಹಿಂದಿದ್ದವರಿಗೆ ಮಾತು ಕೇಳುವುದಿಲ್ಲ. ಕೊನೆಗೆ ಇನ್ನೊಂದು ಪ್ರಶ್ನೆ: ಗುಲಾಮರಾಗಿ ದುಡಿದವರ ಕಥೆಯನ್ನು ಎಲ್ಲಿ ಹೇಳುತ್ತೀರಿ? ತಕ್ಷಣ ಎರಡು ಮೂರು ಜಾಗ ಹೆಸರಿಸುವವರನ್ನು ಗೊತ್ತು ಮಾಡಿಕೊಳ್ಳಿ. ಸವಾನಾದಲ್ಲಿ ದೆವ್ವದ ಕಥೆ ಹೇಳುವ ಪ್ರವಾಸಗಳು ಬೀದಿಗೊಂದಿವೆ. ಅವು ಬೇಕಾದವರಿಗೆ ಇರಲಿ. ಈ ಊರಿನಲ್ಲಿ ನಿಜವಾಗಿ ನಡೆದದ್ದೇ ಸಾಕಷ್ಟು ಭಯಂಕರವಾಗಿದೆ.

ಕಾಲಕ್ಕೆ ಮಾರ್ಚ್–ಏಪ್ರಿಲ್, ಇಲ್ಲವೇ ಅಕ್ಟೋಬರ್–ನವೆಂಬರ್ ಉತ್ತಮ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸು ಬೇಡ, ಕಾಲಿಡಲು ಜಾಗವಿರುವುದಿಲ್ಲ. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಗಿನ ಮೊದಲ ಸರದಿ ಹಿಡಿಯಿರಿ.

ಸೈಕಲ್ ಕೈಗೆ ಬಂದಾಗ

ನಮ್ಮವರು ಎಡವುವುದು ಬ್ರೇಕಿನಲ್ಲಿ. ಅಮೆರಿಕದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನ ಚಕ್ರದ ಬ್ರೇಕು, ಬಲಗೈಯದು ಹಿಂದಿನದು, ನಮ್ಮಲ್ಲಿರುವುದಕ್ಕೆ ಉಲ್ಟಾ. ಗಾಬರಿಯಲ್ಲಿ ಎಡಗೈ ಬಿಗಿದರೆ ಮುಗ್ಗರಿಸುತ್ತೀರಿ. ಬಾಡಿಗೆಗೆ ಸಿಗುವ ದಪ್ಪ ಟೈರಿನ ಕೆಲವು ಸೈಕಲ್‌ಗಳಿಗೆ ಕೈಬ್ರೇಕೇ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತವೆ. ನಮ್ಮ ಸೈಕಲ್‌ನ ಅಭ್ಯಾಸದಲ್ಲಿ ಸುಮ್ಮನೆ ಹಿಂದಕ್ಕೆ ಪೆಡಲ್ ತಿರುಗಿಸಲು ಹೋದರೆ ಗಕ್ಕನೆ ನಿಂತುಬಿಡುತ್ತದೆ. ಹೊರಡುವ ಮುನ್ನ ಅಂಗಡಿಯ ಮುಂದೆಯೇ ನಾಲ್ಕು ಸುತ್ತು ಹೊಡೆದು ನೋಡಿ.

ಸೀಟಿನ ಮೇಲೆ ಕುಳಿತಾಗ ಎರಡೂ ಕಾಲಿನ ತುದಿ ನೆಲ ಮುಟ್ಟಬೇಕು. ಹೆಜ್ಜೆಗೊಮ್ಮೆ ನಿಲ್ಲುವ ಪ್ರವಾಸ ಇದು. ಸೈಕಲ್ ಬಿಟ್ಟು ಬಹಳ ವರ್ಷವಾದವರು ಅಡ್ಡ ಪೈಪ್ ಇಲ್ಲದ ಸೈಕಲ್ ಕೇಳಿ ಪಡೆಯಲಿ. ದುಪಟ್ಟಾ, ಅಗಲ ಅಂಚಿನ ಪೈಜಾಮ ಬೇಡ, ಚೈನಿಗೆ ಸಿಕ್ಕಿಕೊಳ್ಳುತ್ತವೆ. 16 ವರ್ಷದೊಳಗಿನ ಮಕ್ಕಳಿಗೆ ಜಾರ್ಜಿಯಾದಲ್ಲಿ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಹಾಕಿಕೊಂಡರೆ ಯಾರೂ ನಗುವುದಿಲ್ಲ.

ದಾರಿಯಲ್ಲಿ

ಸವಾರಿ ರಸ್ತೆಯ ಬಲಬದಿಯಲ್ಲಿ, ವಾಹನಗಳು ಹೋಗುವ ದಿಕ್ಕಿನಲ್ಲೇ. ಚೌಕಗಳ ಸುತ್ತ ಸಂಚಾರ ಏಕಮುಖ, ಅದೂ ಅಪ್ರದಕ್ಷಿಣೆಯಾಗಿ. ದೇವಸ್ಥಾನ ಸುತ್ತಿ ರೂಢಿಯಾದವರು ಇದನ್ನು ಎರಡು ಸಲ ನೆನಪಿಸಿಕೊಳ್ಳುವುದು ಕ್ಷೇಮ. ಆಗಲೇ ಚೌಕ ಸುತ್ತುತ್ತಿರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಚೌಕದೊಳಗಿನ ಇಟ್ಟಿಗೆಯ ಹಾದಿ ನಡೆಯುವವರದು. ಅಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗಿ.

ಎಲ್ಲ ಚೌಕಗಳನ್ನೂ ಮುಗಿಸುವ ಹಟ ಬೇಡ. ನದಿಯ ಕಡೆಯಿಂದ ದಕ್ಷಿಣಕ್ಕೆ ಸಾಗುವ ಬುಲ್ ಸ್ಟ್ರೀಟಿನ ಐದು ಚೌಕಗಳೇ ಈ ಊರಿನ ಬೆನ್ನೆಲುಬು. ಮೊದಲನೆಯದು ಜಾನ್ಸನ್ ಚೌಕ, ಎಲ್ಲಕ್ಕಿಂತ ಹಳೆಯದು. ಎರಡನೆಯ ರೈಟ್ ಚೌಕದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಓಗಲ್‌ಥಾರ್ಪ್‌ಗೆ ಇಲ್ಲಿ ನೆಲೆಯೂರಲು ಒಪ್ಪಿಗೆ ಕೊಟ್ಟವನು ಯಾಮಕ್ರಾ ಬುಡಕಟ್ಟಿನ ನಾಯಕ ಟೊಮೊಚಿಚಿ. 1739ರಲ್ಲಿ ಅವನು ತೀರಿಕೊಂಡಾಗ ಗೌರವದಿಂದ ಈ ಚೌಕದ ನಡುವೆಯೇ ಹೂಳಿದರು. 1883ರಲ್ಲಿ ಅದೇ ಜಾಗದಲ್ಲಿ ರೈಲ್ವೆ ಕಂಪನಿಯ ಅಧ್ಯಕ್ಷನಾಗಿದ್ದ ವಿಲಿಯಂ ಗಾರ್ಡನ್‌ನ ಸ್ಮಾರಕ ಎದ್ದಿತು! ಗಾರ್ಡನ್‌ನ ಸೊಸೆಗೇ ಇದು ಸರಿಕಾಣಲಿಲ್ಲ; ಆಕೆಯ ಮುಂದಾಳತ್ವದಲ್ಲಿ 1899ರಲ್ಲಿ ಚೌಕದ ಮೂಲೆಯಲ್ಲಿ ಟೊಮೊಚಿಚಿಯ ನೆನಪಿಗೆ ಒಂದು ಗ್ರಾನೈಟ್ ಬಂಡೆ ಇಟ್ಟರು. ಊರಿಗೆ ಜಾಗ ಬಿಟ್ಟುಕೊಟ್ಟವನು ಮೂಲೆಗೆ, ರೈಲ್ವೆಯವನು ನಡುವೆ. ಗೈಡ್ ಇದನ್ನು ಹೇಳದಿದ್ದರೆ ನೀವೇ ಕೇಳಿ.

ಮೂರನೆಯ ಚಿಪ್ಪೆವಾ ಚೌಕದಲ್ಲಿ ಓಗಲ್‌ಥಾರ್ಪ್‌ನ 1910ರ ಕಂಚಿನ ಪ್ರತಿಮೆ ದಕ್ಷಿಣಕ್ಕೆ ಮುಖಮಾಡಿದೆ. ಅವನ ಕಾಲದಲ್ಲಿ ಶತ್ರುವಿದ್ದದ್ದು ಆ ದಿಕ್ಕಿನಲ್ಲಿ, ಸ್ಪೇನಿನ ವಶದಲ್ಲಿದ್ದ ಫ್ಲೋರಿಡಾದಲ್ಲಿ. ಹೆಸರಾಂತ ಹಾಲಿವುಡ್ ಚಿತ್ರವೊಂದರ ಬೆಂಚನ್ನು ಹುಡುಕುತ್ತ ಬರುವವರಿಗೆ ಇಲ್ಲಿ ನಿರಾಸೆ ಕಾದಿದೆ. ಅದು ಚಿತ್ರೀಕರಣಕ್ಕೆಂದು ತಂದಿಟ್ಟದ್ದು, ಈಗ ಮ್ಯೂಸಿಯಮ್ಮಿನಲ್ಲಿದೆ.

ನಾಲ್ಕನೆಯ ಮ್ಯಾಡಿಸನ್ ಚೌಕದ ಪಶ್ಚಿಮಕ್ಕಿರುವ ಗ್ರೀನ್–ಮೆಲ್‌ಡ್ರಿಮ್ ಮನೆಯೇ ಗುಲಾಮಗಿರಿಯ ಪ್ರಶ್ನೆಯ ಮೇಲೆ ನಡೆದ ಅಮೆರಿಕದ ಅಂತರ್ಯುದ್ಧದ ಕೊನೆಯ ಚಳಿಗಾಲದಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್‌ನ ಬಿಡಾರ. ಸವಾನಾವನ್ನು ಸುಡದೆ ವಶಪಡಿಸಿಕೊಂಡು, 1864ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಕನ್‌ಗೆ ಕ್ರಿಸ್‌ಮಸ್ ಉಡುಗೊರೆ ಎಂದು ತಂತಿ ಕಳಿಸಿದ. ಇದನ್ನು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಮುಂದಿನ ತಿಂಗಳು, ಜನವರಿ 12ರಂದು ಇದೇ ಮನೆಗೆ 20 ಮಂದಿ ಕಪ್ಪು ಧರ್ಮಬೋಧಕರನ್ನು ಕರೆಸಿ, ಬಿಡುಗಡೆಯಾದ ಜನಕ್ಕೆ ಏನು ಬೇಕು ಎಂದು ಕೇಳಲಾಯಿತು. ಅವರು ಕೇಳಿದ್ದು ಭೂಮಿ. ನಾಲ್ಕು ದಿನದಲ್ಲಿ ಶೆರ್ಮನ್‌ನ ಆದೇಶ ಹೊರಬಿತ್ತು: ಕರಾವಳಿಯ ಜಮೀನಿನಲ್ಲಿ ಕುಟುಂಬಕ್ಕೆ 40 ಎಕರೆವರೆಗೆ. ಲಿಂಕನ್ ಹತ್ಯೆಯ ನಂತರ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದ. ಸೈಕಲ್ ಗೋಡೆಗೆ ಒರಗಿಸಿ ಕೇಳಬೇಕಾದ ಕಥೆ ಇದು.

ಐದನೆಯ ಮಾಂಟೆರಿ ಚೌಕದಲ್ಲಿ ಗಾಥಿಕ್ ಶೈಲಿಯ ಯಹೂದಿ ಪ್ರಾರ್ಥನಾ ಮಂದಿರ ನೋಡಿ ಮುಂದೆ ಹೋದರೆ ಫೋರ್ಸಿತ್ ಉದ್ಯಾನ, 1858ರ ಬಿಳಿ ಕಾರಂಜಿ. ನೀರು ಕುಡಿಯಲು, ಕಾಲು ಚಾಚಲು ತಕ್ಕ ಜಾಗ.

ಮರಳುವಾಗ ಗೈಡನ್ನು ಪಶ್ಚಿಮದ ಫ್ರಾಂಕ್ಲಿನ್ ಚೌಕಕ್ಕೆ ಕರೆದೊಯ್ಯಲು ಕೇಳಿ. ಅಲ್ಲಿನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಹಲಗೆಯಲ್ಲಿ ವಜ್ರಾಕೃತಿಯಲ್ಲಿ ಜೋಡಿಸಿದ ಪುಟ್ಟ ತೂತುಗಳಿವೆ. ಓಡಿಬಂದ ಗುಲಾಮರನ್ನು ನೆಲದಡಿಯಲ್ಲಿ ಅಡಗಿಸಿದ್ದಾಗ ಅವರ ಉಸಿರಿಗೆಂದು ಕೊರೆದವು ಎಂದು ಚರ್ಚಿನವರು ಹೇಳುತ್ತಾರೆ. ಒಳಗೆ ನೋಡಲು ಅವರದೇ ಬೇರೆ ಪ್ರವಾಸದ ವೇಳೆ ಇದೆ. ಪಕ್ಕದ ಎಲ್ಲಿಸ್ ಚೌಕದ ಮಾರುಕಟ್ಟೆಯನ್ನು 1954ರಲ್ಲಿ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಿದ್ದರು. ಆ ಸಿಟ್ಟಿನಲ್ಲಿ ಏಳು ಮಹಿಳೆಯರು ಮರುವರ್ಷ ಸಂರಕ್ಷಣಾ ಸಂಸ್ಥೆ ಹುಟ್ಟುಹಾಕಿದರು. ಇಂದು ನೀವು ನೋಡುವ ಹಳೆಯ ಮನೆಗಳಲ್ಲಿ ಎಷ್ಟೋ ಉಳಿದಿರುವುದು ಅದರಿಂದ. ಚೌಕವೂ 2010ರಲ್ಲಿ ಮರಳಿ ಬಂತು.

ನದಿದಂಡೆಯ ರಿವರ್ ಸ್ಟ್ರೀಟಿಗೆ ಮಾತ್ರ ಸೈಕಲ್ ಇಳಿಸಬೇಡಿ. ಹಡಗುಗಳ ತೂಕಕ್ಕೆಂದು ತಂದ ಉರುಟು ಕಲ್ಲುಗಳನ್ನು ಹಾಸಿದ ಕಡಿದಾದ ಇಳಿಜಾರು, ಹಲ್ಲು ಅದುರುತ್ತದೆ. ಸೈಕಲ್ ಒಪ್ಪಿಸಿ ನಡೆದು ಹೋಗಿ.

ಗೈಡ್‌ಗೆ ಶುಲ್ಕದ ಮೇಲೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್ ಕೊಡುವುದು ಅಲ್ಲಿನ ವಾಡಿಕೆ. ಇನ್ನೂ ಸಮಯ, ಕಾರು ಎರಡೂ ಇದ್ದರೆ ಊರಿನ ಪಶ್ಚಿಮದಲ್ಲಿ ಒಂದು ಫಲಕವಿದೆ. 1859ರ ಮಾರ್ಚಿನಲ್ಲಿ ಕುದುರೆ ಜೂಜಿನ ಮೈದಾನದಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಎರಡು ದಿನ ಹರಾಜು ಹಾಕಿದ ಜಾಗದ ಹತ್ತಿರ 2008ರಲ್ಲಿ ನೆಟ್ಟದ್ದು. ಚೌಕಗಳನ್ನಷ್ಟೇ ಸುತ್ತುವ ಸೈಕಲ್ ಪ್ರವಾಸಗಳು ಅಷ್ಟು ದೂರ ಹೋಗುವುದಿಲ್ಲ. ವಿಳಾಸವನ್ನು ಗೈಡ್ ಬಳಿಯೇ ಬರೆಸಿಕೊಳ್ಳಿ.